ಉಳಿಕೆಯ ರೊಕ್ಕ

ಹೆಣ್ಣುಮಕ್ಕಳಿಗೆ ರೊಕ್ಕದ ವ್ಯವಹಾರ ತಿಳಿಯುವುದಿಲ್ಲ ಎಂದು ದಿನಾ ಹೇಳುವ ಗಂಡಸರು, ಒಂದು ಸಂಘ ಕಟ್ಟಿದಾಗ ಮಾತ್ರ ಖಜಾಂಚಿ ಕೆಲಸಕ್ಕೆ ಟೀಚರಮ್ಮನನ್ನೇ ಹುಡುಕಿಕೊಂಡು ಬರುತ್ತಾರೆ. ಅಧ್ಯಕ್ಷರಿಗೆ ಹಾರ ಸಿಗುತ್ತದೆ, ಕಾರ್ಯದರ್ಶಿಗೆ ಮೈಕು ಸಿಗುತ್ತದೆ. ಖಜಾಂಚಿಗೆ ಸಿಗುವುದು ರಸೀದಿ ಪುಸ್ತಕ, ಅದರ ನಡುವಿನ ಕಾರ್ಬನ್ ಹಾಳೆ ಮತ್ತು ಮಾರ್ಚ್ ತಿಂಗಳ ತಲೆನೋವು. ನಮ್ಮ ಭಾಗದ ಒಂದು ಸಣ್ಣ ವಿಜ್ಞಾನ ಸಂಘಕ್ಕೆ ನಾನು ಖಜಾಂಚಿಯಾದದ್ದು ಹೀಗೆಯೇ. ನಾನು ಓದಿದ್ದು ಬಿ.ಎ., ಬಿ.ಎಡ್.; ಶಾಲೆಯಲ್ಲಿ ಹೇಳುವುದು ಸಮಾಜ ಪಾಠ. "ವಿಜ್ಞಾನ ಸಂಘದಾಗ ನಿಮ್ದೇನು ಕೆಲಸ್ರೀ?" ಎಂದು ಕೇಳುವವರಿಗೆ, "ಅಲ್ಲಿ ವಿಜ್ಞಾನ ಬಲ್ಲೋರು ಬೇಕಾದಷ್ಟು ಮಂದಿ ಅದಾರ, ಕೂಡಿಸಿ ಕಳೆಯೋರು ಇರಲಿಲ್ಲ" ಎಂದು ಹೇಳಿ ನಗುತ್ತೇನೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಒಂದೇ ಬಸ್ಸಿನ ದಾರಿಯಲ್ಲಿರುವ ಊರುಗಳು. ನನ್ನ ತವರು ಲಿಂಗಸುಗೂರಿನ ಕಡೆಯ ಹಳ್ಳಿ, ಹೆಚ್ಚು ವರ್ಷ ನೌಕರಿ ಮಾಡಿದ್ದು ಮಸ್ಕಿಯಲ್ಲಿ, ಮನೆ ಇರುವುದು ಸಿಂಧನೂರಿನಲ್ಲಿ. ಹೀಗಾಗಿ ಆ ಬಸ್ಸಿನ ಕಿಟಕಿಯಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ ಎಂದರೂ ತಪ್ಪಲ್ಲ. ಸಂಘದ ಸದಸ್ಯರೂ ಈ ಮೂರು ಊರುಗಳವರೇ. 1999ರ ಆಗಸ್ಟ್ 11ರಂದು ಸೂರ್ಯಗ್ರಹಣವಾಯಿತಲ್ಲ, ಅಂದು ಬಾಗಿಲು ಹಾಕಿಕೊಂಡು ಕೂತ ಬಸುರಿಯರನ್ನೂ, ಮಾಡಿದ ಅಡಿಗೆಯನ್ನು ಚೆಲ್ಲಿದ ಮನೆಗಳನ್ನೂ ಕಂಡ ನಾಲ್ಕಾರು ಮೇಷ್ಟರುಗಳು ಸೇರಿ ಈ ಸಂಘ ಕಟ್ಟಿದರು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಅದರ ನೋಂದಣಿಯೂ ಆಯಿತು. ರಾಜ್ಯಕ್ಕೆಲ್ಲ ದೊಡ್ಡದಾಗಿ 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ. ಅದರ ಮುಂದೆ ನಮ್ಮದು ಎತ್ತಿನ ಪಕ್ಕದ ಕರು. ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹಳ್ಳಿಯ ಮಕ್ಕಳನ್ನು ತಯಾರು ಮಾಡುವುದು, 'ಬಾಲ ವಿಜ್ಞಾನ' ಪತ್ರಿಕೆಗೆ ಚಂದಾದಾರರನ್ನು ಮಾಡಿಸುವುದು, ಫೆಬ್ರವರಿ 28ರ ವಿಜ್ಞಾನ ದಿನ, ವರ್ಷಕ್ಕೊಮ್ಮೆ ಮಕ್ಕಳನ್ನು ಮಸ್ಕಿಯ ಅಶೋಕನ ಶಾಸನದ ಬಂಡೆಗೆ ಕರೆದೊಯ್ಯುವುದು, ಇವಿಷ್ಟೇ ನಮ್ಮ ಕೆಲಸಗಳು. 2019ರ ಡಿಸೆಂಬರ್ 26ರ ಗ್ರಹಣಕ್ಕೆ ಕನ್ನಡಕ ಹಂಚಿ, ಮಕ್ಕಳಿಗೆಲ್ಲ ಗ್ರಹಣದ ಹೊತ್ತಿನಲ್ಲೇ ಮಂಡಾಳು ತಿನ್ನಿಸಿದೆವು. ಯಾರಿಗೂ ಏನೂ ಆಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಇಷ್ಟಕ್ಕೆ ಎಷ್ಟು ರೊಕ್ಕ ಬೇಕು? ತಿಂಗಳಿಗೆ ಸುಮಾರು ಒಂಬತ್ತು ಸಾವಿರ. ಅದರಲ್ಲಿ ಆರು ಸಾವಿರ ಒಬ್ಬ ಹುಡುಗಿಯ ಗೌರವಧನ. ಬಿ.ಎಸ್‌ಸಿ. ಮಾಡಿದ, ಮಸ್ಕಿ ಕಡೆಯ ಹಳ್ಳಿಯ ಹುಡುಗಿ. ಒಂದು ಕಬ್ಬಿಣದ ಟ್ರಂಕಿನಲ್ಲಿ ಮಸೂರ, ಅಯಸ್ಕಾಂತ, ಪ್ರನಾಳ, ಲಿಟ್ಮಸ್ ಕಾಗದ, ಒಂದು ಸಣ್ಣ ಸೂಕ್ಷ್ಮದರ್ಶಕ ತುಂಬಿಕೊಂಡು, ಪ್ರಯೋಗಶಾಲೆ ಇಲ್ಲದ ಹಳ್ಳಿಯ ಶಾಲೆಗಳಿಗೆ ಬಸ್ಸಿನಲ್ಲಿ, ಟಂಟಂನಲ್ಲಿ ಹೋಗುವಳು. ಈರುಳ್ಳಿಯ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ಐದನೇ ಇಯತ್ತೆಯ ಒಬ್ಬ ಹುಡುಗಿ, "ಟೀಚರ್, ಇದ್ರಾಗ ಮನಿ ಕಟ್ಯಾರ" ಎಂದಳಂತೆ. ಅದನ್ನು ಹೇಳುವಾಗ ಇವಳ ಮುಖ ನೋಡಬೇಕಿತ್ತು. ಅವಳ ಗೌರವಧನಕ್ಕೆ ಒಂದು ಕಚೇರಿಯಿಂದ ಅನುದಾನ ಬರುತ್ತಿತ್ತು. ಉಳಿದ ಮೂರು ಸಾವಿರ ಸದಸ್ಯರ ಚಂದಾ, ಪುಸ್ತಕ ಮಾರಾಟದಿಂದ ಹೇಗೋ ಹೊಂದುತ್ತಿತ್ತು.

ಇವಲ್ಲದೆ ನಮ್ಮದೊಂದು ಬ್ಯಾಂಕ್ ಠೇವಣಿ ಇತ್ತು. ಒಂದು ಲಕ್ಷ ಅರವತ್ತು ಸಾವಿರ. ಇಪ್ಪತ್ತೈದು ವರ್ಷದಲ್ಲಿ ಹನಿ ಹನಿಯಾಗಿ ಕೂಡಿದ್ದು. ಸಭೆಗಳಲ್ಲಿ ಅದರ ಹೆಸರು ಬಂದರೆ ಸಾಕು, ದೇವರ ಮನೆಯ ಮುಂದೆ ನಿಂತವರಂತೆ ಎಲ್ಲರ ದನಿ ತಗ್ಗುತ್ತಿತ್ತು.

2024ರ ಏಪ್ರಿಲ್ ತಿಂಗಳಿಂದ ಅನುದಾನ ನಿಂತಿತು. 'ಬರುತ್ತದೆ, ಫೈಲು ಮೇಲಿದೆ' ಎನ್ನುವ ಉತ್ತರ ನಮ್ಮ ಓದುಗರಿಗೆ ಹೊಸದಲ್ಲ. ಹುಡುಗಿ ಬೇಸಿಗೆ ಶಿಬಿರವನ್ನೂ ನಡೆಸಿದಳು, ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಟ್ರಂಕು ಹೊತ್ತು ಹೊರಟಳು. ಪ್ರತಿ ಸಭೆಯಲ್ಲಿಯೂ ನಾನು ಅವಳ ಬಾಕಿಯ ವಿಷಯ ಎತ್ತುತ್ತಿದ್ದೆ; ಪ್ರತಿ ಸಭೆಯಲ್ಲಿಯೂ 'ಅನುದಾನ ಬಂದ ಕೂಡಲೇ ಕೊಡತಕ್ಕದ್ದು' ಎಂದು ಠರಾವು ಬರೆಯುತ್ತಿದ್ದರು. ಠರಾವಿನಿಂದ ಬಸ್ಸಿನ ಟಿಕೀಟು ಬರುವುದಿಲ್ಲ. ಆಗಸ್ಟ್ ಕೊನೆಗೆ ಅವಳು ಲೆಕ್ಕ ಕೊಡಲು ಮನೆಗೆ ಬಂದಾಗ ಕಿವಿ ನೋಡಿದೆ. ಬೆಂಡೋಲೆ ಇರಲಿಲ್ಲ, ಬೇವಿನ ಕಡ್ಡಿ ಇತ್ತು. ಹೆಣ್ಣಿನ ಕಿವಿಯಲ್ಲಿ ಬೇವಿನ ಕಡ್ಡಿ ಕಂಡರೆ ಕಾರಣ ಕೇಳಬೇಕಾಗಿಲ್ಲ, ನಾವೆಲ್ಲ ಬಲ್ಲೆವು. ಆದರೂ ಕೇಳಿದೆ. "ಒತ್ತಿ ಇಟ್ಟೀನ್ರೀ ಮೇಡಂ, ಇಪ್ಪತ್ತು ಸಾವಿರಕ್ಕ. ರೊಕ್ಕ ಬಂದ ಮ್ಯಾಲೆ ಬಿಡಿಸ್ಕೋತೀನಿ" ಎಂದಳು, ಬಹಳ ಸಹಜವಾಗಿ.

ಅದೇ ವಾರ ನನ್ನ ಕೈಗೆ ಇನ್ನೊಂದು ಕಾಗದ ಬಂತು. ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಬೆಳ್ಳಿಹಬ್ಬದ ಅಂದಾಜು ಪಟ್ಟಿ: ಶಾಮಿಯಾನ, ಸ್ಮರಣ ಸಂಚಿಕೆ, ಶಾಲು, ಫಲಕ, ಅತಿಥಿಗಳ ಕಾರು, ಊಟ. ಒಟ್ಟು ಎಪ್ಪತ್ತೈದು ಸಾವಿರ. ಕೆಳಗೆ ಒಂದು ಸಾಲು: 'ಠೇವಣಿಯಿಂದ ಭರಿಸುವುದು'. ಐದು ತಿಂಗಳು ಯಾರೂ ಮುಟ್ಟಬಾರದಾಗಿದ್ದ ಠೇವಣಿ ಶಾಲು ಹೊದಿಸುವುದಕ್ಕೆ ಮುಟ್ಟಬಹುದಾಯಿತು! ಇದನ್ನು ಬರೆದವರು ಕೆಟ್ಟವರಲ್ಲ. ನಮ್ಮ ಜನರ ಸ್ವಭಾವವೇ ಹಾಗೆ. ಮದುವೆಗೆ ಹೊಲ ಮಾರುತ್ತೇವೆ, ಮನೆಕೆಲಸದವಳ ಸಂಬಳ ಮುಂದಿನ ತಿಂಗಳಿಗೆ ದೂಡುತ್ತೇವೆ.

ಆ ರಾತ್ರಿ ನನ್ನನ್ನು ಕಾಡಿದ್ದು ಈ ಪ್ರಶ್ನೆ: ಸಂಘ ಕೂಡಿಟ್ಟ ರೊಕ್ಕ ಯಾರದು? ಕೊಟ್ಟವರದೇ, ಈಗ ಕೆಲಸ ಮಾಡುವವರದೇ, ಇನ್ನೂ ಹುಟ್ಟದ ಮಕ್ಕಳದೇ? ವ್ಯಾಪಾರಿಯ ಉಳಿತಾಯ ವ್ಯಾಪಾರಿಯದು, ಸಂಸಾರದ ಉಳಿತಾಯ ಸಂಸಾರದ್ದು. ಲಾಭ ಮಾಡಬಾರದೆಂದು ಬರೆದುಕೊಂಡು ಹುಟ್ಟಿದ ಸಂಘದ ಉಳಿಕೆಗೆ ಒಡೆಯರಿಲ್ಲ. ಒಡೆಯರಿಲ್ಲದ್ದನ್ನು ಕಾಯುವುದು ಕಷ್ಟ, ಖರ್ಚು ಮಾಡುವುದು ಇನ್ನೂ ಕಷ್ಟ. ಸರ್ಕಾರಕ್ಕೂ ಈ ತೊಡಕು ತಿಳಿದಿದೆ ಎಂದು ಕಾಣುತ್ತದೆ. ತೆರಿಗೆ ವಿನಾಯಿತಿ ಪಡೆದ ಇಂಥ ಸಂಸ್ಥೆಗಳು ವರ್ಷದ ಆದಾಯದಲ್ಲಿ ನೂರಕ್ಕೆ 85 ಭಾಗವನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು, 15 ಭಾಗ ಉಳಿಸಿಕೊಳ್ಳಬಹುದು. ಅದಕ್ಕಿಂತ ಹೆಚ್ಚು ಉಳಿಸಬೇಕೆಂದರೆ ಯಾವ ಕೆಲಸಕ್ಕೆಂದು ಮೊದಲೇ ಬರೆದುಕೊಟ್ಟು ಐದು ವರ್ಷದೊಳಗೆ ಆ ಕೆಲಸಕ್ಕೇ ಹಾಕಬೇಕು. ಅಂದರೆ ಕಾನೂನು 'ಉಳಿಸಬೇಡ' ಎನ್ನುವುದಿಲ್ಲ, 'ಏತಕ್ಕೆ ಉಳಿಸುತ್ತೀ ಹೇಳು' ಎನ್ನುತ್ತದೆ. ನಮ್ಮ ಠೇವಣಿ ಏತಕ್ಕೆ ಎಂದು ಯಾರನ್ನು ಕೇಳಿದರೂ 'ಕಷ್ಟಕಾಲಕ್ಕೆ' ಎನ್ನುತ್ತಿದ್ದರು. ಯಾರ ಕಷ್ಟಕಾಲ ಎಂದು ಕೇಳಿದರೆ ಉತ್ತರ ಇರಲಿಲ್ಲ.

ಉಳಿಸುವುದನ್ನು ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಸಾಸಿವೆ ಡಬ್ಬಿಯಲ್ಲಿ, ಸೀರೆಯ ಮಡಿಕೆಯಲ್ಲಿ, ಅಕ್ಕಿಯ ಗಡಿಗೆಯಲ್ಲಿ ನಾವು ಬಚ್ಚಿಟ್ಟದ್ದು 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಒಮ್ಮೆಲೇ ಹೊರಬಿತ್ತಲ್ಲ! ನಮ್ಮ ಓಣಿಯ ಒಬ್ಬಾಕೆ ಹನ್ನೊಂದು ಸಾವಿರ ತೆಗೆದು ಗಂಡನ ಮುಂದಿಟ್ಟಾಗ ಆತ ಮೊದಲು ಬೈದು, ಆಮೇಲೆ ಸುಮ್ಮನಾದ. ಮಗನ ಫೀಸು ಕಟ್ಟಲು ಆತ ಸಾಲ ಮಾಡಿದ್ದ ವರ್ಷವೂ ಆ ರೊಕ್ಕ ಡಬ್ಬಿಯಲ್ಲೇ ಇತ್ತು. 'ಅವಾಗ ಯಾಕೆ ಕೊಡಲಿಲ್ಲ?' ಎಂದು ಕೇಳಿದರೆ, 'ಅದಕ್ಕಿಂತ ದೊಡ್ಡ ಕಷ್ಟ ಬಂದೀತು ಅಂತ' ಎಂದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬಡವರ ಮನೆಯಲ್ಲಿ ಕೊನೆಯ ರೊಕ್ಕ ಹೋದ ಮೇಲೆ ಧೈರ್ಯವೂ ಹೋಗುತ್ತದೆ. ಆದರೆ ಇಂಥ ಡಬ್ಬಿಯನ್ನು ಬಿಟ್ಟು ಇನ್ನೊಂದು ಉಳಿಕೆ ಪ್ರತಿ ಮನೆಯಲ್ಲಿದೆ, ಅದು ಹೆಂಗಸಿನ ಮೈಮೇಲಿನ ಬಂಗಾರ. ಹಟ್ಟಿಯ ಚಿನ್ನದ ಗಣಿ ಇರುವುದು ನಮ್ಮ ಲಿಂಗಸುಗೂರು ತಾಲ್ಲೂಕಿನಲ್ಲೇ. ಆದರೂ ನಮ್ಮ ಹೆಣ್ಣುಮಕ್ಕಳ ಗುಂಜಿ ಬಂಗಾರ ವರ್ಷದಲ್ಲಿ ಎಷ್ಟು ತಿಂಗಳು ಅವರ ಮೈಮೇಲೆ, ಎಷ್ಟು ತಿಂಗಳು ಒತ್ತೆಯ ಅಂಗಡಿಯಲ್ಲಿ ಎಂದು ಅವರನ್ನೇ ಕೇಳಬೇಕು. ಬೀಜಕ್ಕೆ, ಗೊಬ್ಬರಕ್ಕೆ, ದವಾಖಾನೆಗೆ ಮೊದಲು ಬಿಚ್ಚುವುದು ಅದನ್ನೇ.

ಇದನ್ನು ಯೋಚಿಸುತ್ತಿದ್ದಾಗಲೇ ನನಗೆ ವಿಷಯ ತಿಳಿಯಾಯಿತು. ನಮ್ಮ ಸಂಘದ ಠೇವಣಿ ಐದು ತಿಂಗಳು ಒಂದು ಪೈಸೆ ಕಡಿಮೆಯಾಗದೆ ಉಳಿಯಿತು ಎಂದು ಅಧ್ಯಕ್ಷರು ಹೆಮ್ಮೆಯಿಂದ ಹೇಳುತ್ತಿದ್ದರು. ಅದು ತಾನಾಗಿ ಉಳಿಯಲಿಲ್ಲ. ಆ ಹುಡುಗಿಯ ಕಿವಿಯಿಂದ ಉಳಿಯಿತು. ಸಂಘಕ್ಕೆ ಕಷ್ಟಕಾಲ ಬಂದದ್ದು ನಿಜ. ಆ ಕಷ್ಟಕಾಲದಲ್ಲಿ ಒಡೆದ ಹುಂಡಿ ನಮ್ಮದಲ್ಲ, ಅವಳದು. ಬ್ಯಾಂಕಿನಲ್ಲಿದ್ದ ಒಂದು ಲಕ್ಷ ಅರವತ್ತು ಸಾವಿರ ನಮ್ಮ ಮೀಸಲು ನಿಧಿ ಎಂದು ನಾವು ಬರೆದುಕೊಂಡಿದ್ದೆವು. ನಿಜವಾದ ಮೀಸಲು ನಿಧಿ ಅವಳೇ ಆಗಿದ್ದಳು.

ಹಾಗೆಂದು ಉಳಿಕೆಯೇ ಬೇಡ, ಬಂದದ್ದನ್ನೆಲ್ಲ ಹಂಚಿಬಿಡಿ ಎನ್ನುವವಳು ನಾನಲ್ಲ. ಉಳಿಕೆ ಇಲ್ಲದ ವಿಜ್ಞಾನ ಸಂಘದ ಗತಿ ಏನೆಂಬುದಕ್ಕೆ ಕನ್ನಡದಲ್ಲೇ ಒಂದು ಕಥೆ ಇದೆ. ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ಕರ್ನಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯಿಂದ 1918ರಲ್ಲಿ 'ವಿಜ್ಞಾನ' ಎಂಬ ಮಾಸಪತ್ರಿಕೆ ಹೊರಡಿಸಿದರು. ಕನ್ನಡದ ಮೊದಲ ವಿಜ್ಞಾನ ಪತ್ರಿಕೆ ಅದು. ಎಂಥ ಪಂಡಿತರು, ಎಂಥ ಉತ್ಸಾಹ! ಎರಡು ವರ್ಷ ನಡೆದು ನಿಂತುಹೋಯಿತು. ಮಕ್ಕಳ ಕೈಗೆ ಸಿಗುವ 'ಬಾಲ ವಿಜ್ಞಾನ' ಹುಟ್ಟಿದ್ದು 1978ರಲ್ಲಿ. ನಡುವಿನ ಅರವತ್ತು ವರ್ಷದಲ್ಲಿ ಬೇರೆ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಆದರೆ ಆ ಮೊದಲ ಪತ್ರಿಕೆಯೇ ಉಳಿದು ಬೆಳೆದಿದ್ದರೆ ನನ್ನ ಅಜ್ಜನ ಕಾಲದ ಒಬ್ಬ ಹುಡುಗನಾದರೂ ಅದನ್ನು ಕೈಯಲ್ಲಿ ಹಿಡಿಯುತ್ತಿದ್ದನೋ ಏನೋ.

ಇನ್ನೊಂದು ಕಥೆ ಫೆಬ್ರವರಿ 28ರಂದು ನಾವು ಮಕ್ಕಳಿಗೆ ಹೇಳುವ ರಾಮನ್ನರ ಕಥೆಯ ಹಿಂದಿನ ಕಥೆ. ಕಲ್ಕತ್ತೆಯ ವೈದ್ಯರಾದ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಊರಿನವರ ವಂತಿಗೆಯಿಂದಲೇ ಒಂದು ವಿಜ್ಞಾನ ಸಂಘ ಕಟ್ಟಿದರು, ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಎಂದು. ಕಟ್ಟಡವಾಯಿತು, ವಿಜಯನಗರಂ ಮಹಾರಾಜರ ದಾನದಿಂದ ಪ್ರಯೋಗಶಾಲೆಯೂ ಆಯಿತು. ಆದರೆ ಅಲ್ಲೇ ಕೂತು ಸಂಶೋಧನೆ ಮಾಡುವ ಪ್ರಾಧ್ಯಾಪಕರಿಗೆ ಸಂಬಳ ಕೊಡುವಷ್ಟು ನಿಧಿ ಮಾತ್ರ ಕೂಡಲೇ ಇಲ್ಲ. ಆ ಬೇಸರದಲ್ಲೇ ಅವರು 1904ರಲ್ಲಿ ತೀರಿಕೊಂಡರು. ಮೂರು ವರ್ಷದ ಮೇಲೆ, 1907ರಲ್ಲಿ, ಹಣಕಾಸು ಇಲಾಖೆಯ ನೌಕರಿಗೆಂದು ಕಲ್ಕತ್ತೆಗೆ ಬಂದ ಹದಿನೆಂಟರ ಪ್ರಾಯದ ರಾಮನ್ ಟ್ರಾಮಿನಿಂದ ಆ ಸಂಘದ ಫಲಕ ಕಂಡು ಇಳಿದರು. ಬಾಗಿಲು ತೆರೆದ ಆಶುತೋಷ್ ಡೇ ಮುಂದೆ ಎಷ್ಟೋ ವರ್ಷ ಅವರ ಸಹಾಯಕರಾಗಿದ್ದರು. ಹಗಲು ಸರ್ಕಾರದ ಲೆಕ್ಕಪತ್ರ, ಬೆಳಿಗ್ಗೆ ಸಂಜೆ ಪ್ರಯೋಗಶಾಲೆ. ಲೆಕ್ಕ ಬರೆಯುವವರಿಗೂ ವಿಜ್ಞಾನಕ್ಕೂ ನಂಟಿದೆ ಎಂದು ನಾನು ಮಕ್ಕಳ ಮುಂದೆ ಸ್ವಲ್ಪ ಬೀಗುವುದು ಈ ಜಾಗದಲ್ಲೇ. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಕಂಡದ್ದು ಆ ಸಂಘದ ಪ್ರಯೋಗಶಾಲೆಯಲ್ಲಿಯೇ. 1930ರಲ್ಲಿ ನೊಬೆಲ್ ಬಹುಮಾನವೂ ಬಂತು.

ಈ ಕಥೆ ಎರಡು ಮಾತು ಹೇಳುತ್ತದೆ, ಒಂದಕ್ಕೊಂದು ಎದುರಾದ ಮಾತುಗಳು. ಬಾಗಿಲು ತೆರೆದಿಟ್ಟು ಕಾದರೆ ಎಂದೋ ಒಬ್ಬ ರಾಮನ್ ಬಂದಾನು, ಆದ್ದರಿಂದ ಸಂಘ ಉಳಿಯಬೇಕು ಎಂಬುದು ಒಂದು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಅದರೊಳಗೆ ದುಡಿಯುವವರ ಸಂಬಳಕ್ಕೆ ಸಿಗುವುದಿಲ್ಲ ಎಂಬುದು ಇನ್ನೊಂದು. ಸರ್ಕಾರರಿಗೆ ಸಿಗದ ಪ್ರಾಧ್ಯಾಪಕರ ಸಂಬಳವನ್ನು ರಾಮನ್ ತುಂಬಿಕೊಟ್ಟದ್ದು ಸರ್ಕಾರಿ ನೌಕರಿಯ ಪಗಾರ ಹೊಟ್ಟೆಗಿದ್ದುದರಿಂದ. ನಮ್ಮ ಟ್ರಂಕಿನ ಹುಡುಗಿಗೆ ಅಂಥ ಪಗಾರ ಎಲ್ಲಿಂದ ಬರಬೇಕು?

ಸೆಪ್ಟೆಂಬರ್ ಕೊನೆಗೆ ಲಿಂಗಸುಗೂರಿನಲ್ಲಿ ಸಭೆ ಸೇರಿತು. ನನ್ನ ವಿರುದ್ಧ ಮಾತಾಡಿದವರಲ್ಲಿ ನಾನು ಬಹಳ ಗೌರವಿಸುವ ಒಬ್ಬ ನಿವೃತ್ತ ಹೆಡ್‌ಮಾಸ್ತರರಿದ್ದರು. ಅವರ ವಾದ ಗಟ್ಟಿಯಾದದ್ದು, ಮುಚ್ಚಿಡುವುದು ನ್ಯಾಯವಲ್ಲ. "ಹೋದ ತಿಂಗಳು ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟು ಕಿತ್ಕೊಂಡು ಹೋತಲ್ಲ ಮೇಡಂ, ಅವಾಗ ಏನಾತು?" ಎಂದರು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಆ ಗೇಟು ಕೊಚ್ಚಿಹೋದದ್ದು, ಎಡದಂಡೆ ಕಾಲುವೆಯನ್ನೇ ನಂಬಿದ ನಮ್ಮ ಸಿಂಧನೂರಿನ ಭತ್ತದ ರೈತರಿಗೆ ಆ ವಾರ ನಿದ್ದೆ ಇಲ್ಲದ್ದು ಎಲ್ಲರಿಗೂ ನೆನಪಿತ್ತು. ಅದರ ಹಿಂದಿನ ವರ್ಷ, 2023ರಲ್ಲಿ, ಬರ ಬೇರೆ ಬಿದ್ದಿತ್ತು. ಅಂಥ ಹೊತ್ತಿಗೆಂದು ಮೊದಲೇ ಮಾಡಿಟ್ಟ ತಡೆಗೇಟು ಅಲ್ಲಿರಲಿಲ್ಲ. ಹೊಸದಾಗಿ ತಯಾರಿಸಿ, ಹರಿಯುವ ನೀರಿನಲ್ಲೇ ಕೂಡಿಸಬೇಕಾಯಿತು. ಅಷ್ಟರಲ್ಲಿ ತುಂಬಿದ ನೀರು ಎಷ್ಟೋ ನದಿಗೆ ಹೋಗಿತ್ತು. "ಎಪ್ಪತ್ತು ವರ್ಷ ಸುಮ್ನ ಬಿದ್ದಿರೋ ಗೇಟು ದಂಡ ಅಂತ ಕಾಣಸ್ತದ. ಒಂದು ರಾತ್ರಿ ಅದರ ಬೆಲೆ ತಿಳೀತದ. ಠೇವಣಿ ಅಂದ್ರ ಅದು" ಎಂದರು.

ಸಭೆ ತಲೆದೂಗಿತು. ನಾನೂ ತೂಗಿದೆ. ಆದರೆ ಗೇಟು ಕಿತ್ತುಹೋದ ರಾತ್ರಿಯೂ ಬದಲಿ ಗೇಟನ್ನು ಉಗ್ರಾಣದಲ್ಲೇ ಇಟ್ಟು ಬೀಗ ಹಾಕಿದರೆ ಅದನ್ನು ಏನೆನ್ನಬೇಕು? ನಮ್ಮ ಗೇಟು ಏಪ್ರಿಲ್‌ನಲ್ಲೇ ಕಿತ್ತುಹೋಗಿದೆಯಲ್ಲ ಎಂದು ಕೇಳಿದೆ. ಅವರು ಒಪ್ಪಲಿಲ್ಲ. ಸಂಘಕ್ಕೆ ಇನ್ನೂ ದೊಡ್ಡ ಕಷ್ಟ ಬರಬಹುದು, ದಾನಿಗಳು ನಂಬಿ ಕೊಟ್ಟದ್ದು, ಸತ್ತವರ ಮಾತು ಸಾಯಬಾರದು ಎಂದರು. ಕೊನೆಯ ಮಾತು ನನಗೆ ನಾಟಿತು.

ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ನನ್ನ ಅಜ್ಜಿಯ ಹಗೇವಿನಲ್ಲಿ. ಈಗಿನವರು ಹಗೇವು ನೋಡಿರಲಾರರು. ಎತ್ತರದ ಒಣ ನೆಲದಲ್ಲಿ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು, ಹೊಟ್ಟು ಹಾಕಿ ಜೋಳ ತುಂಬಿ, ಮೇಲೆ ಬಂಡೆ ಮುಚ್ಚಿ ಮಣ್ಣು ಮೆತ್ತುವುದು. ಒಳಗೆ ಜೋಳ ಉಸಿರಾಡಿ ಉಸಿರಾಡಿ ಆಮ್ಲಜನಕ ಮುಗಿಸಿ ಇಂಗಾಲದ ಡೈ ಆಕ್ಸೈಡನ್ನು ತುಂಬುತ್ತದೆ. ಅದರಿಂದ ಹುಳ ಬದುಕುವುದಿಲ್ಲ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ತೆರೆದ ಕೂಡಲೇ ಮನುಷ್ಯ ಇಳಿದರೆ ಅವನನ್ನೂ ಅದೇ ಗಾಳಿ ಕೊಲ್ಲುತ್ತದೆ. ಬಂಡೆ ಸರಿಸಿ ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಈ ಪ್ರಯೋಗವನ್ನು ನಮ್ಮ ಹುಡುಗಿ ಗಾಜಿನ ಬಾಟಲಿ, ಮೇಣದ ಬತ್ತಿ ಇಟ್ಟು ಮಕ್ಕಳಿಗೆ ತೋರಿಸುತ್ತಾಳೆ, ಅದು ಬೇರೆ ಮಾತು.

ನಾನು ಕೂಸಾಗಿದ್ದಾಗ, 1972ರ ಬರದಲ್ಲಿ, ಅಜ್ಜಿ ಹಗೇವು ತೆಗೆಸಿದ್ದನ್ನು ದೊಡ್ಡವಳಾದ ಮೇಲೆ ಎಷ್ಟು ಸಲ ಹೇಳಿದ್ದಾಳೋ. ಹೊಲದಲ್ಲಿ ದುಡಿಯುವ ಆಳುಗಳ ಮನೆಗೆ ಮೊದಲು ಅಳೆಯಿಸಿದಳಂತೆ. ಅಜ್ಜ ತಕರಾರು ಮಾಡಿದರೆ, "ಅವರು ಗುಳೇ ಹೋದ್ರ ಮಳಿ ಬಂದಾಗ ಬಿತ್ತೋರು ಯಾರು?" ಎಂದಳಂತೆ. ಆದರೆ ಬೀಜದ ಜೋಳ ಹಗೇವಿನಲ್ಲಿರಲಿಲ್ಲ. ಅದು ಬೂದಿ ಬೆರೆಸಿದ ಗಡಿಗೆಯಲ್ಲಿ ಬೇರೆಯೇ ಇತ್ತು. ಅದನ್ನು ಆ ವರ್ಷವೂ ಮುಟ್ಟಲಿಲ್ಲ, ಮನೆಯವರೇ ಅಂಬಲಿ ಕುಡಿದ ದಿನವೂ ಮುಟ್ಟಲಿಲ್ಲ. "ಬೀಜದ್ದು ಬ್ಯಾರೆ, ತಿನ್ನೋದು ಬ್ಯಾರೆ" ಎನ್ನುತ್ತಿದ್ದಳು.

ನಮ್ಮ ಠೇವಣಿಯಲ್ಲಿ ಬೀಜದ್ದೂ ತಿನ್ನುವುದೂ ಕಲಸಿಹೋಗಿತ್ತು. ಹಳೆಯ ಕಡತ ತೆಗೆದು ನೋಡಿದ್ದೆ: ಅದರಲ್ಲಿ ಅರವತ್ತು ಸಾವಿರ ಒಬ್ಬ ವಿಜ್ಞಾನ ಮೇಷ್ಟರು ಸಾಯುವ ಮೊದಲು ತಮ್ಮ ಹೆಂಡತಿಯ ಹೆಸರಿನಲ್ಲಿ ಕೊಟ್ಟದ್ದು. 'ಅಸಲು ಮುಟ್ಟದೆ ಬಡ್ಡಿಯನ್ನು ಮಾತ್ರ ಮಕ್ಕಳ ಉಪಕರಣಕ್ಕೆ ಬಳಸುವುದು' ಎಂದು ಕಾಗದವಿತ್ತು. ಇದು ಬೀಜ. ಸಂಘ ಮುಳುಗಿದರೂ ಮುಟ್ಟುವ ಹಕ್ಕು ನಮಗಿಲ್ಲ. ಅದೂ ಸಹ ತಾನಾಗಿ ಸವೆಯುತ್ತಿದೆ ಎಂಬುದು ಬೇರೆ ದುಃಖ. 1990ರ ದಶಕದಲ್ಲಿ ಬ್ಯಾಂಕುಗಳು ಠೇವಣಿಗೆ ನೂರಕ್ಕೆ ಹನ್ನೊಂದು ಹನ್ನೆರಡು ಬಡ್ಡಿ ಕೊಡುತ್ತಿದ್ದವು, 2020-21ರ ಹೊತ್ತಿಗೆ ಅದು ಐದು ಆರಕ್ಕೆ ಇಳಿದಿತ್ತು. ಮಸೂರದ ಬೆಲೆ ಮಾತ್ರ ಇಳಿಯಲಿಲ್ಲ. ಉಳಿದ ಒಂದು ಲಕ್ಷ ಯಾರೂ ಯಾವ ಮಾತೂ ಕಟ್ಟದೆ ಕೊಟ್ಟ ಚಂದಾ, ಪುಸ್ತಕ ಮಾರಿ ಉಳಿದ ರೊಕ್ಕ. ಕೆಲಸ ನಡೆಯಲಿ ಎಂದು ಕೊಟ್ಟದ್ದು, ಕೆಲಸಕ್ಕೆ ಹೋಗಬೇಕಾದದ್ದು.

ಹಾಗಾದರೆ ಎಲ್ಲವನ್ನೂ ಕೊಡಬಹುದೇ? ಇಲ್ಲಿ ನನ್ನ ಮನಸ್ಸೂ ತೂಗುಯ್ಯಾಲೆಯಾಡಿತು. ಆರು ತಿಂಗಳ ಖರ್ಚಿನಷ್ಟು ಕೈಯಲ್ಲಿರಬೇಕೆಂದು ಇಂಥ ಸಂಸ್ಥೆಗಳನ್ನು ನಡೆಸಿದವರು ಹೇಳುವುದುಂಟು. ನಮಗೆ ಅದು ಐವತ್ನಾಲ್ಕು ಸಾವಿರ. ಐದು ತಿಂಗಳ ಬಾಕಿ ಮೂವತ್ತು ಸಾವಿರ ಕೊಟ್ಟರೆ ಎಪ್ಪತ್ತು ಸಾವಿರ ಉಳಿಯುತ್ತದೆ. ಇನ್ನೆರಡು ತಿಂಗಳು ಕೊಟ್ಟರೆ ಐವತ್ತೆಂಟು. ಅಲ್ಲಿಗೆ ನಿಲ್ಲಬೇಕು. ನವೆಂಬರ್ ಒಂದರಂದು ಅನುದಾನ ಬರದಿದ್ದರೆ ಹಳ್ಳಿಯ ಮಕ್ಕಳು ಟ್ರಂಕಿನ ದಾರಿ ಕಾಯುತ್ತಿದ್ದರೂ ನಿಲ್ಲಬೇಕು. ಇದು ಕಟುಕತನದ ಮಾತು ಎಂದು ಕಾರ್ಯದರ್ಶಿಗಳು ಅಂದರು. ಐದು ತಿಂಗಳು ಏನೂ ಕೊಡದಿದ್ದವರಿಗೆ ಏಳು ತಿಂಗಳ ಮೇಲೆ ನಿಲ್ಲಿಸುವುದು ಕಟುಕತನವಾಗಿ ಕಂಡಿತು! ನನ್ನ ವಾದ ಇಷ್ಟೇ. ಆ ಹುಡುಗಿಗೆ ಬೇಕಾದದ್ದು ನಮ್ಮ ಮರುಕವಲ್ಲ, ತಾರೀಖು. ಯಾವ ದಿನದವರೆಗೆ ರೊಕ್ಕವಿದೆ, ಯಾವ ದಿನದಿಂದ ಇಲ್ಲ ಎಂದು ಇಂದೇ ಬರೆದುಕೊಟ್ಟರೆ ಅವಳು ಬೇರೆ ಕೆಲಸ ಹುಡುಕಿಕೊಳ್ಳಲು ಆಗುತ್ತದೆ. 'ಬರುತ್ತದೆ, ಬರುತ್ತದೆ' ಎನ್ನುವುದರಿಂದ ಅವಳ ಇನ್ನೊಂದು ಒಡವೆ ಹೋಗುತ್ತದೆ. ಕೂಡಿಟ್ಟ ರೊಕ್ಕ ಸಂಘವನ್ನು ಅಮರ ಮಾಡಲಾರದು. ನಾಲ್ಕು ತಿಂಗಳು ಮೊದಲೇ ನಿಜ ಹೇಳುವ ಅನುಕೂಲವನ್ನು ಅದು ಕೊಡಬಲ್ಲದು, ಏಪ್ರಿಲ್‌ನಲ್ಲೇ ಕೊಡಬಹುದಾಗಿತ್ತು.

ಕೈ ಎತ್ತಿಸಿ ನೋಡಿ ಠರಾವು ಪಾಸಾಯಿತು, ಎರಡೇ ಮತದ ಅಂತರ. ಠೇವಣಿ ಎರಡಾಯಿತು, ಲೆಕ್ಕದ ಪುಸ್ತಕದಲ್ಲಿ ಎರಡು ಪುಟವಾಯಿತು. ಬೆಳ್ಳಿಹಬ್ಬ ಒಂದು ಶಾಲೆಯ ಅಂಗಳದಲ್ಲಿ, ಸದಸ್ಯರೇ ತಲಾ ನೂರು ರೂಪಾಯಿ ಹಾಕಿಕೊಂಡು ಮಾಡಿದ ಮಂಡಾಳ ಒಗ್ಗರಣೆ, ಮಿರ್ಚಿ, ಚಹಾದಲ್ಲಿ ಮುಗಿಯಿತು. ಶಾಲು ಇಲ್ಲದ್ದಕ್ಕೆ ಅತಿಥಿಗಳು ಬೇಗ ಮಾತು ಮುಗಿಸಿದರು ಎಂಬುದು ನನ್ನ ಅನುಮಾನ.

ಒಂದು ವಿಷಯ ಮಾತ್ರ ಉಳಿಯಿತು. ಬೆಂಡೋಲೆಯ ಒತ್ತೆಗೆ ತಿಂಗಳಿಗೆ ನೂರಕ್ಕೆ ಎರಡರಂತೆ ನಾಲ್ಕು ತಿಂಗಳ ಬಡ್ಡಿ, ಒಂದು ಸಾವಿರದ ಆರುನೂರು. ಅದನ್ನು ಸಂಘವೇ ಕೊಡಬೇಕೆಂದೆ. ಅಂಥ ಶೀರ್ಷಿಕೆಯೇ ಲೆಕ್ಕದಲ್ಲಿಲ್ಲ ಎಂದರು. ಹುಡುಗಿಯೂ "ಬ್ಯಾಡ್ರೀ ಮೇಡಂ" ಎಂದು ಕೈ ಹಿಂದೆಳೆದಳು. ನಾನು ಬಿಡಲಿಲ್ಲ. ಅಂಗಡಿಯವನಿಂದ ಚೀಟಿ ತರಿಸಿ, 'ಸಾಲದ ಮೇಲಿನ ಬಡ್ಡಿ' ಎಂದು ಬರೆದು ರೊಕ್ಕ ಕೊಟ್ಟು ಸಹಿ ಮಾಡಿಸಿಕೊಂಡೆ. ಮುಂದೆ ಲೆಕ್ಕಪರಿಶೋಧಕರು ಆ ಸಾಲಿನ ಮೇಲೆ ಬೆರಳಿಟ್ಟು, "ಸಂಘ ಸಾಲ ಮಾಡಿದ್ದು ಯಾವಾಗ್ರೀ?" ಎಂದು ಕೇಳಿದರು. "ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ" ಎಂದೆ. ಯಾರಿಂದ ಎಂದರು. ಹೇಳಿದೆ. ಸ್ವಲ್ಪ ಹೊತ್ತು ಪುಟ ನೋಡುತ್ತ ಕೂತು, ಪಕ್ಕದಲ್ಲಿ ಹಸಿರು ಗುರುತು ಹಾಕಿದರು.

ಅಕ್ಟೋಬರ್ ಕೊನೆಗೂ ಅನುದಾನ ಬರಲಿಲ್ಲ. ಹುಡುಗಿ ಸಿಂಧನೂರಿನ ಒಂದು ಖಾಸಗಿ ಶಾಲೆಗೆ ಸೇರಿದಳು, ಟ್ರಂಕು ನನ್ನ ಮನೆಗೆ ಬಂತು. ಜನವರಿಯಲ್ಲಿ ರೊಕ್ಕ ಬಂತು, ಪೂರ್ತಿಯಲ್ಲ, ಅರ್ಧ. ಹೆಡ್‌ಮಾಸ್ತರರು ಆಮೇಲೆ ಸಭೆಗೆ ಬರುವುದನ್ನು ಬಿಟ್ಟರು. ವರ್ಷದ ಚಂದಾ ಮುನ್ನೂರನ್ನು ಮಾತ್ರ ಮೊಮ್ಮಗನ ಕೈಯಲ್ಲಿ ಕಳಿಸಿ, ರಸೀದಿ ತಪ್ಪದೆ ತರಿಸಿಕೊಳ್ಳುತ್ತಾರೆ. ಬೀಜದ ರೊಕ್ಕದ ಬಡ್ಡಿಯಲ್ಲಿ ಆ ವರ್ಷ ಆರು ಕೈಮಸೂರ, ಒಂದು ಡಬ್ಬಿ ಗಾಜಿನ ಪಟ್ಟಿ ಬಂದವು. ಭಾನುವಾರಗಳಂದು ಹುಡುಗಿ ಬಂದು ಟ್ರಂಕು ಒಯ್ಯುತ್ತಾಳೆ, ಬಸ್ಸಿನ ಖರ್ಚಿನ ಚೀಟಿ ಬರೆದುಕೊಟ್ಟು.